ಅಡಿಕೆ ಕಳುವಾದಾಗ ಯಾರನ್ನು ಕೇಳಬೇಕು?

(ಶಿವಮೊಗ್ಗದಲ್ಲಿ ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ನೀವು ಕೊಟ್ಟ ವಿಷಯ ದೊಡ್ಡದು. ಅಪರಾಧ ತಡೆ, ವಲಸೆ ನೀತಿ, ಇವೆರಡರ ಮೇಲೆ ಸದನದಲ್ಲಿ ವಿರೋಧ ಪಕ್ಷದ ಶಾಸಕರು ಹೇಗೆ ಮಾತಾಡಬೇಕು ಅನ್ನುವುದು. ನಾನು ನಮ್ಮ ಮನೆಯ ಅಂಗಳದಿಂದ ಶುರು ಮಾಡುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವನು. ಕೋರ್ಟಿನಲ್ಲಿ ವಕೀಲಿಕೆ, ಮನೆಯಲ್ಲಿ ಎರಡೂವರೆ ಎಕರೆ ಅಡಿಕೆ ತೋಟ. ಕೆಲವು ವರ್ಷದ ಹಿಂದೆ, ಕೊಯ್ಲು ಮುಗಿಯುತ್ತಾ ಬಂದಿದ್ದ ಹೊತ್ತು. ಒಂದು ಬೆಳಗ್ಗೆ ಎದ್ದು ನೋಡಿದರೆ ಕೊಟ್ಟಿಗೆ ಪಕ್ಕದ ಕೋಣೆಯ ಚಿಲಕ ಕಿತ್ತು ಬಿದ್ದಿತ್ತು. ತುಂಬಿಟ್ಟಿದ್ದ ನಾಲ್ಕು ಚೀಲ ರಾಶಿ ಇಡಿ ಅಡಿಕೆ ಇರಲಿಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು, ಮಂಗ ಕಾಯ್ದು, ಸುಲಿದು, ಬೇಯಿಸಿ, ಒಣಗಿಸಿ ಎತ್ತಿಟ್ಟ ನಾಲ್ಕು ಚೀಲ ಅಂದರೆ ಏನು ಅಂತ ಇಲ್ಲಿರುವ ಅಡಿಕೆ ಮನೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಪೊಲೀಸರು ಬಂದರು. ಯಾರ ಮೇಲಾದರೂ ಅನುಮಾನ ಇದೆಯಾ ಅಂತ ಕೇಳಿದರು. ನನ್ನ ಬಾಯಿಂದ ಮೊದಲು ಬಂದ ಮಾತು ಇದು: "ಕೊಯ್ಲು ಗುತ್ತಿಗೆ ಹಿಡಿದ ಚೇಣಿಯವರು ಕರೆತಂದ ಅಸ್ಸಾಮಿನ ಹುಡುಗರು ಇದ್ದಾರೆ, ಅವರನ್ನು ವಿಚಾರಿಸಿ."

ಇಪ್ಪತ್ತೈದು ವರ್ಷದಿಂದ ಕಕ್ಷಿದಾರರಿಗೆ "ಸಾಕ್ಷಿ ಇಲ್ಲದೆ ಹೆಸರು ಹೇಳಬೇಡಿ" ಅನ್ನುತ್ತಾ ಬಂದವನು ನಾನು.

ಆರು ಜನರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಅದರಲ್ಲಿ ಒಬ್ಬ ಹುಡುಗ ಸೊಂಟದ ಚೀಲದಿಂದ ಏನೋ ತೆಗೆದ. ಹಾಲಿನ ಪ್ಯಾಕೆಟನ್ನು ಕತ್ತರಿಸಿ, ತೊಳೆದು, ಒರೆಸಿ, ಅದರೊಳಗೆ ಆಧಾರ್ ಕಾರ್ಡು ಸುತ್ತಿಟ್ಟುಕೊಂಡಿದ್ದ. ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿತ್ತು. ಯಾರೂ ಕೇಳುವ ಮೊದಲೇ ಅದನ್ನು ಎರಡೂ ಕೈಯಲ್ಲಿ ಹಿಡಿದು ಪೊಲೀಸರಿಗೆ ತೋರಿಸಿದ, ಆಮೇಲೆ ನನ್ನ ಕಡೆ ತಿರುಗಿ ನನಗೂ ತೋರಿಸಿದ. ಬರ್ಪೇಟಾ ಜಿಲ್ಲೆ ಅಂತ ಇತ್ತು. ಒಂದು ತಿಂಗಳು ನಮ್ಮ ತೋಟದಲ್ಲಿ ಅಡಿಕೆ ಕೊನೆ ಹೊತ್ತ ಹುಡುಗ. ಅವನ ಹೆಸರು ನನಗೆ ಗೊತ್ತಾಗಿದ್ದು ಆ ಕಾರ್ಡು ಓದಿದಾಗ. ಅಲ್ಲಿಯ ತನಕ ಎಲ್ಲರನ್ನೂ "ಭಾಯ್" ಅಂತ ಕರೆಯುತ್ತಿದ್ದೆವು, ಅಷ್ಟೇ.

ಆರೂ ಜನರನ್ನು ಠಾಣೆಗೆ ಕರೆದೊಯ್ದು, ರಾತ್ರಿ ಹತ್ತಕ್ಕೆ ಬಿಟ್ಟು ಕಳುಹಿಸಿದರು. ಬೆಳಗ್ಗೆ ನೋಡಿದರೆ ಆರೂ ಜನ ಊರು ಬಿಟ್ಟಿದ್ದರು. ಒಂದು ವಾರದ ಕೂಲಿ ಬಾಕಿ ಇತ್ತು, ಅದನ್ನೂ ಕೇಳಲಿಲ್ಲ.

ಅಡಿಕೆ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಅವರೇ ಕದ್ದರಾ, ಬೇರೆಯವರಾ, ನನಗೆ ಗೊತ್ತಿಲ್ಲ. ಆಮೇಲೆ ನನ್ನನ್ನು ಕಾಡಿದ್ದು ಬೇರೆ ವಿಷಯ. ನಾಲ್ಕು ಚೀಲ ಅಡಿಕೆಯನ್ನು ಯಾರೂ ಜಗಿದು ಮುಗಿಸುವುದಿಲ್ಲ. ಅದು ಯಾವುದೋ ಗಾಡಿಯಲ್ಲಿ ಹೋಗಿದೆ, ಎಲ್ಲೋ ತೂಕವಾಗಿದೆ, ಯಾರೋ ದುಡ್ಡು ಕೊಟ್ಟು ಕೊಂಡಿದ್ದಾರೆ. ಆರು ಜನ ಕೂಲಿ ಹುಡುಗರ ಹತ್ತಿರ ಸೈಕಲ್ಲೂ ಇರಲಿಲ್ಲ. ಗಾಡಿ ಯಾವುದು, ಕೊಂಡವರು ಯಾರು, ಆ ರಾತ್ರಿ ನಮ್ಮ ರಸ್ತೆಗೆ ಪೊಲೀಸ್ ಬೀಟ್ ಇತ್ತಾ, ಇಂಥ ಒಂದು ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. "ಅಸ್ಸಾಮಿನವರು" ಅಂದ ಕೂಡಲೇ ಎಲ್ಲರಿಗೂ ಉತ್ತರ ಸಿಕ್ಕಿದ ಹಾಗಾಗಿ ತನಿಖೆ ಅಲ್ಲಿಗೇ ನಿಂತುಹೋಯಿತು.

ಸದನದಲ್ಲಿ ಆಗುವುದೂ ಇದೇ. ಇಷ್ಟು ಹೇಳುವುದಕ್ಕೇ ಇವತ್ತು ನಾನು ಬಂದಿರುವುದು.

ವಿರೋಧ ಪಕ್ಷದ ಶಾಸಕರೊಬ್ಬರು ಎದ್ದು ನಿಂತು, ಕಾನೂನು ಸುವ್ಯವಸ್ಥೆ ಕುಸಿದಿದೆ, ಎಲ್ಲಿ ನೋಡಿದರೂ ಹೊರಗಿನವರು ತುಂಬಿದ್ದಾರೆ, ಸರ್ಕಾರ ಏನು ಮಾಡುತ್ತಿದೆ ಅಂತ ಗುಡುಗುತ್ತಾರೆ ಅಂದುಕೊಳ್ಳಿ. ಪಕ್ಷ ಯಾವುದಾದರೂ ಇರಲಿ. ಇವತ್ತು ಆ ಕಡೆ ಕೂತವರು ನಾಳೆ ಈ ಕಡೆ ಕೂರುತ್ತಾರೆ, ಮಾತು ಅದೇ ಇರುತ್ತದೆ. ಗೃಹ ಸಚಿವರ ಕೆಲಸ ಆಗ ಎಷ್ಟು ಹಗುರ ನೋಡಿ. ವಿದೇಶಿಯರ ವಿಷಯ ಕೇಂದ್ರದ್ದು ಅನ್ನಬಹುದು. ಬೇರೆ ರಾಜ್ಯದವರು ಬಂದು ದುಡಿಯುವುದು ಸಂವಿಧಾನ ಕೊಟ್ಟ ಹಕ್ಕು ಅನ್ನಬಹುದು. ನಿಗಾ ಇಡಲು ಪೊಲೀಸರಿಗೆ ಸೂಚಿಸಿದ್ದೇವೆ ಅಂತ ಹೇಳಿ ಕೂರಬಹುದು. ಮೂರೂ ಉತ್ತರದಲ್ಲಿ ಸುಳ್ಳಿಲ್ಲ. ಹಾಗಾಗಿಯೇ ಶಾಸಕರಿಗೆ ಮುಂದೆ ಕೇಳಲು ಏನೂ ಉಳಿಯುವುದಿಲ್ಲ. ಎರಡು ದಿನ ಟಿವಿಯಲ್ಲಿ ಓಡುತ್ತದೆ, ನಮ್ಮ ಕೊಟ್ಟಿಗೆಯ ಚಿಲಕ ಹಾಗೇ ಇರುತ್ತದೆ.

ನೀವು ಕಾನೂನು ಓದುವವರು, ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ರಾಜ್ಯ ಪಟ್ಟಿಯ ಮೊದಲ ಎರಡು ನಮೂದುಗಳೇ ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್. ಪೌರತ್ವ, ವಿದೇಶಿಯರು ಇರುವುದು ಕೇಂದ್ರ ಪಟ್ಟಿಯ 17ರಲ್ಲಿ. ದೇಶದೊಳಗೆ ಬರುವುದು, ಹೊರಹಾಕುವುದು, ವೀಸಾ 19ರಲ್ಲಿ. ರಾಜ್ಯ ರಾಜ್ಯದ ನಡುವಿನ ವಲಸೆ ಕೂಡ ಕೇಂದ್ರ ಪಟ್ಟಿಯ 81ರಲ್ಲಿ ಇದೆ. ಅಂದರೆ ಅಪರಾಧ ತಡೆ ಬೆಂಗಳೂರಿನ ಹೊಣೆ, ವಲಸೆಯ ಬಹುಪಾಲು ದೆಹಲಿಯ ಹೊಣೆ. ಎರಡನ್ನೂ ಒಂದೇ ಗೋಣಿಯಲ್ಲಿ ಕಟ್ಟಿ ಎಸೆದರೆ ಬೆಂಗಳೂರಿನವರು ದೆಹಲಿಗೆ ಉರುಳಿಸುತ್ತಾರೆ, ದೆಹಲಿಯವರು ವಾಪಸ್ ಉರುಳಿಸುತ್ತಾರೆ.

"ವಲಸಿಗ" ಅನ್ನುವ ಆ ಗೋಣಿಯೊಳಗೆ ಯಾರ್‍ಯಾರು ಇದ್ದಾರೆ ಅಂತ ಬಿಚ್ಚಿಯೂ ನೋಡಬೇಕು. ಕಾಗದ ಇಲ್ಲದೆ ಗಡಿ ದಾಟಿ ಬಂದ ವಿದೇಶಿ ಒಬ್ಬ. ಸರ್ಕಾರವೇ ಕರೆದು ಜಾಗ ಕೊಟ್ಟ ನಿರಾಶ್ರಿತ ಇನ್ನೊಬ್ಬ, ನಮ್ಮ ಪಕ್ಕದ ಮುಂಡಗೋಡಿನಲ್ಲಿ 1966ರಿಂದ ಇರುವ ಟಿಬೆಟಿಯನ್ನರ ಹಾಗೆ. ಅಸ್ಸಾಂ, ಬಿಹಾರ, ಜಾರ್ಖಂಡ್‌ನಿಂದ ಬಂದ, ನಿಮ್ಮಷ್ಟೇ ನನ್ನಷ್ಟೇ ಭಾರತೀಯನಾದ ಕೂಲಿಯವನು ಮತ್ತೊಬ್ಬ. ಸಂವಿಧಾನದ 19ನೇ ವಿಧಿ ಅವನಿಗೆ ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡಿ ನೆಲೆಸುವ ಹಕ್ಕು ಕೊಟ್ಟಿದೆ. ಈ ಮೂವರಿಗೂ ಕಾನೂನು ಬೇರೆ, ಅಧಿಕಾರಿ ಬೇರೆ, ಕೇಳಬೇಕಾದ ಪ್ರಶ್ನೆಯೂ ಬೇರೆ.

ಇಲ್ಲಿ ಒಂದು ಮಾತು ಸೇರಿಸಬೇಕು, ವಿಷಯದಿಂದ ಸ್ವಲ್ಪ ದೂರ ಹೋದರೂ ಪರವಾಗಿಲ್ಲ. ಮಲೆನಾಡಿನಲ್ಲಿ ನಿಂತು "ಹೊರಗಿನವರು" ಅನ್ನುವಾಗ ನಮಗೆ ಸ್ವಲ್ಪ ನೆನಪಿರಬೇಕು, ಅಲ್ವಾ? ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1918ರಲ್ಲಿ ಶುರುವಾದ ಮೇಲೆ ತಮಿಳರು, ತೆಲುಗರು ಬಂದು ಆ ಊರು ಕಟ್ಟಿದರು. ಘಟ್ಟದ ಕೆಳಗಿನಿಂದ ತಲೆಮೇಲೆ ಗಂಟು ಹೊತ್ತು ಘಟ್ಟ ಹತ್ತಿ ಬಂದವರು ನಮ್ಮ ತೋಟಗಳನ್ನು ಎಬ್ಬಿಸಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಶರಾವತಿ ಕಣಿವೆಯ ಜನ ಮನೆಮಾರು ಬಿಟ್ಟು ಲಾರಿ ಹತ್ತಿದರು. ಶಿವಮೊಗ್ಗ ತಾಲ್ಲೂಕಿನ ಊರುಗಳಲ್ಲಿ ಅವರನ್ನು "ಮುಳುಗಡೆಯವರು" ಅಂತಲೇ ಕರೆದರು. ಅವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಸಿಕ್ಕಿಹಾಕಿಕೊಂಡವರಲ್ಲಿ ನಮ್ಮ ಕಡೆಯ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಇದ್ದರು. ಗಿಡಮೂಲಿಕೆ ಔಷಧಿ, ಎಣ್ಣೆ ಮಾರಲು ಅಷ್ಟು ದೂರ ಹೋಗಿದ್ದವರು. ಆ ದೇಶಕ್ಕೆ ನಮ್ಮವರೇ ವಲಸಿಗರು. ಆಗ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಆ ವಿಷಯ ಎತ್ತಿದರು, ವಿದೇಶಾಂಗ ಸಚಿವ ಜೈಶಂಕರ್ ಅವರ ಜೊತೆ ಸಾರ್ವಜನಿಕವಾಗಿಯೇ ಜಟಾಪಟಿ ಆಯಿತು. ಆಮೇಲೆ ಕೇಂದ್ರ ಸರ್ಕಾರ ಆಪರೇಷನ್ ಕಾವೇರಿ ನಡೆಸಿ ಸುಡಾನ್‌ನಿಂದ ಭಾರತೀಯರನ್ನು ಕರೆತಂದಿತು. ಆ ಜಟಾಪಟಿಯಲ್ಲಿ ಯಾರು ಸರಿ ಅನ್ನುವುದು ನನಗೆ ಮುಖ್ಯವಲ್ಲ. ಇಷ್ಟು ಜನ, ಇಂಥ ಊರಿನಲ್ಲಿ, ಇಂಥ ಕಷ್ಟದಲ್ಲಿದ್ದಾರೆ ಅಂತ ಲೆಕ್ಕ ಹಿಡಿದು ಕೇಳಿದ ಪ್ರಶ್ನೆ ಅದು. ಅದಕ್ಕೇ ಉತ್ತರ ಕೊಡದೆ ಇರಲು ಆಗಲಿಲ್ಲ.

ಹಾಗೆ ಲೆಕ್ಕ ಹಿಡಿದು ಕೇಳುವುದನ್ನು ನಾವು ಬೇರೆಯವರಿಂದ ಕಲಿಯಬೇಕಿಲ್ಲ. ಕಾಗೋಡು ನಮ್ಮ ಜಿಲ್ಲೆಯಲ್ಲೇ ಇದೆ. 1951ರಲ್ಲಿ ಅಲ್ಲಿನ ಗೇಣಿದಾರರು ಎದ್ದು ನಿಂತಿದ್ದು ಯಾವುದರ ಮೇಲೆ? ಕೊಳಗದ ಮೇಲೆ. ಗೇಣಿ ಬತ್ತ ಅಳೆದುಕೊಳ್ಳುವ ಕೊಳಗ ದೊಡ್ಡದು, ಅದನ್ನು ಸರಿ ಮಾಡಿ ಅಂದರು. ಜಮೀನ್ದಾರಿ ಅನ್ಯಾಯ ಅಂತ ಕೂಗುವುದಕ್ಕೂ ಈ ಕೊಳಗ ಇಷ್ಟು ಸೇರು ಹಿಡಿಯುತ್ತದೆ ಅಂತ ತೋರಿಸುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಆಗ ಅವರ ಮೇಲೂ ಪೊಲೀಸರು ಬಂದರು, ಶಾಂತಿಭಂಗದ ಮಾತು ಬಂತು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದಾಗ ಅವರನ್ನೂ ಬಂಧಿಸಿದರು. ಆ ಹೋರಾಟದಿಂದ ಬಂದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು. ಆರಗದವರು, ಆಗ ಮೂವತ್ತೂ ತುಂಬಿರಲಿಲ್ಲ. ಸದನಕ್ಕೆ ಹೋಗಿದ್ದು ವಿರೋಧ ಪಕ್ಷದ ಸಾಲಿಗೆ, ಶಾಸಕರಾಗಿದ್ದಷ್ಟು ಕಾಲವೂ ಕೂತಿದ್ದು ಅಲ್ಲೇ. 1972ರಲ್ಲಿ ತೀರಿಕೊಂಡರು. ಉಳುವವನಿಗೆ ಭೂಮಿ ಕೊಟ್ಟ 1974ರ ತಿದ್ದುಪಡಿ ನೋಡಲು ಅವರು ಇರಲಿಲ್ಲ. ಅಧಿಕಾರ ಹಿಡಿಯದೆ ಕಾನೂನು ಬದಲಾಗುವಂತೆ ಮಾಡಬಹುದು ಅನ್ನುವುದಕ್ಕೆ ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಗೊತ್ತಿಲ್ಲ.

ವಲಸೆಯ ವಿಷಯದಲ್ಲೇ ಒಂದು ಉದಾಹರಣೆ ಬೇಕಾದರೆ ಅಸ್ಸಾಂ ನೋಡಿ. ಅಲ್ಲಿ 1985ರ ಅಸ್ಸಾಂ ಒಪ್ಪಂದ 1971ರ ಮಾರ್ಚ್ 24ನ್ನು ಗೆರೆಯಾಗಿ ಇಟ್ಟುಕೊಂಡಿತು, ಅದಾದ ಮೇಲೆ ಗಡಿ ದಾಟಿ ಬಂದವರನ್ನು ಹೊರಹಾಕಬೇಕು ಅಂತ. ಆದರೆ 1983ರ ಒಂದು ಕಾಯ್ದೆ ಅಸ್ಸಾಮಿಗೆ ಮಾತ್ರ ಬೇರೆ ಅಳತೆ ಇಟ್ಟಿತ್ತು. ದೇಶದ ಉಳಿದ ಕಡೆ ನಾನು ವಿದೇಶಿ ಅಲ್ಲ ಅಂತ ಆ ವ್ಯಕ್ತಿ ತೋರಿಸಬೇಕು, ಅಲ್ಲಿ ಅವನು ವಿದೇಶಿ ಅಂತ ದೂರು ಕೊಟ್ಟವರು ತೋರಿಸಬೇಕು. ಅಸ್ಸಾಮಿನ ನಾಯಕ ಸರ್ಬಾನಂದ ಸೋನೋವಾಲ್ 2000ದಲ್ಲಿ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2005ರಲ್ಲಿ ತೀರ್ಪು ಬರುವ ಹೊತ್ತಿಗೆ ಅವರು ವಿರೋಧ ಪಕ್ಷದ ಸಂಸದ. ಕೋರ್ಟು ಆ ಕಾಯ್ದೆಯನ್ನೇ ಹೊಡೆದುಹಾಕಿತು. ಆ ತೀರ್ಪನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಡವನೊಬ್ಬ ಅಜ್ಜನ ಕಾಲದ ಕಾಗದ ತಂದು ತಾನು ಯಾರು ಅಂತ ಸಾಬೀತು ಮಾಡುವುದು ಎಷ್ಟು ಕಷ್ಟ ಅನ್ನುವುದನ್ನು ಅಸ್ಸಾಮಿನ 2019ರ ಪೌರತ್ವ ಪಟ್ಟಿಯಿಂದ (ಎನ್‌ಆರ್‌ಸಿ) ಹೊರಗೆ ಉಳಿದ 19 ಲಕ್ಷ ಜನರನ್ನು ಕೇಳಬೇಕು. ಆದರೆ ಸೋನೋವಾಲ್ ಹಿಡಿದ ದಾರಿ ನೋಡಿ. ಸುಮ್ನೆ ಬೈದುಕೊಂಡು ಓಡಾಡಲಿಲ್ಲ. ದೇಶದಲ್ಲಿ ಎರಡು ಕೊಳಗ ಇದೆ ಅಂತ ತೋರಿಸಿದರು.

ಅಲ್ಲಿಂದ ಬಂದ ನಮ್ಮ ತೋಟದ ಹುಡುಗ ಹಾಲಿನ ಕವರಿನಲ್ಲಿ ಕಾರ್ಡು ಸುತ್ತಿಟ್ಟುಕೊಂಡಿದ್ದು ಯಾಕೆ ಅಂತ ನನಗೆ ಗೊತ್ತಾಗಿದ್ದು ಇದನ್ನೆಲ್ಲ ಓದಿದ ಮೇಲೆ. ಆ ಕಾರ್ಡಿನಿಂದ ಅವನ ಪೌರತ್ವ ಸಾಬೀತಾಗುವುದೂ ಇಲ್ಲ. 2016ರ ಆಧಾರ್ ಕಾಯ್ದೆಯೇ ಹಾಗೆ ಹೇಳುತ್ತದೆ. ಅಂಗಳದಲ್ಲಿ ನಿಂತ ಪೇದೆಗೆ ಪೌರತ್ವ ತೀರ್ಮಾನಿಸುವ ಅಧಿಕಾರವೂ ಇಲ್ಲ. ಅಂದರೆ ಆ ಬೆಳಗ್ಗೆ ಅವನು ತೋರಿಸಿದ್ದರಿಂದ, ಅವರು ನೋಡಿದ್ದರಿಂದ, ಯಾವುದೂ ಇತ್ಯರ್ಥ ಆಗಲಿಲ್ಲ.

ಕಳ್ಳ ದಾರಿಯಲ್ಲಿ ಬಂದವರು ಯಾರೂ ಇಲ್ಲ ಅಂತ ನಾನು ಹೇಳುತ್ತಿಲ್ಲ. 2024ರ ಅಕ್ಟೋಬರ್‌ನಲ್ಲಿ ಮಲ್ಪೆಯಲ್ಲಿ ನಕಲಿ ದಾಖಲೆ ಇಟ್ಟುಕೊಂಡಿದ್ದ ಬಾಂಗ್ಲಾದೇಶದವರು ಸಿಕ್ಕಿದ್ದರು. ನಕಲಿ ಆಧಾರ್ ಯಾರು ಮಾಡಿಕೊಟ್ಟರು, ಅದಕ್ಕೆ ದುಡ್ಡು ಎಷ್ಟು, ಆ ಜಾಲ ಎಷ್ಟು ಊರಿನಲ್ಲಿದೆ ಅಂತ ಶಾಸಕರು ಕೇಳಲೇಬೇಕು. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ, 1946ರ ಹಳೆಯದು ಹೋಯಿತು. ವಿದೇಶಿಯರು ತಂಗಿದರೆ ಹೋಟೆಲಿನವರು, ಓದಲು ಬಂದರೆ ಕಾಲೇಜಿನವರು ಮಾಹಿತಿ ಕೊಡಬೇಕು. ಅದು ನಮ್ಮ ಜಿಲ್ಲೆಯಲ್ಲಿ ನಡೆಯುತ್ತಿದೆಯಾ? ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ರಾಜ್ಯ ಸರ್ಕಾರ ವಿದೇಶಿಯರನ್ನು ಇಡುವ ಕೇಂದ್ರ ಮಾಡಿದೆ. ಅಲ್ಲಿ ಎಷ್ಟು ಜನ, ಎಷ್ಟು ದಿನದಿಂದ? ಇವು ರಾಜ್ಯದ ಸಚಿವರು ದೆಹಲಿಗೆ ಉರುಳಿಸಲಾಗದ ಪ್ರಶ್ನೆಗಳು.

ಗಡಿಪಾರಿನ ಬಗ್ಗೆಯೂ ಒಂದು ಮಾತು. ಶಿವಮೊಗ್ಗದವರಿಗೆ ಈ ಪದ ಚೆನ್ನಾಗಿ ಗೊತ್ತು, ನಿಷೇಧಾಜ್ಞೆ ಗೊತ್ತಿರುವ ಹಾಗೆಯೇ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಇಲ್ಲಿನ ರೌಡಿಯನ್ನು ಜಿಲ್ಲೆಯಿಂದ ಹೊರಗೆ ಕಳುಹಿಸುತ್ತೇವೆ. ಅವನು ಹೋಗಿ ಇಳಿಯುವ ಊರಿನವರಿಗೆ ಅವನು ಯಾರು? ಅವರ ಪಾಲಿಗೆ ಹೊರಗಿನಿಂದ ಬಂದ ಅಪರಾಧಿ ನಮ್ಮವನೇ. ಇದನ್ನು ಅಪರಾಧ ತಡೆ ಅಂತ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಗಡಿಪಾರಾದವರು ಅಲ್ಲಿ ಹೋಗಿ ಏನು ಮಾಡಿದರು ಅಂತ ಯಾವ ಶಾಸಕರಾದರೂ ಕೇಳಿದ್ದನ್ನು ನಾನಂತೂ ಕೇಳಿಲ್ಲ. ಇನ್ನೂ ಹಿಂದೆ ಹೋದರೆ ಬ್ರಿಟಿಷರ 1871ರ ಕಾಯ್ದೆ ಕೆಲವು ಜಾತಿಗಳಲ್ಲಿ ಹುಟ್ಟಿದವರನ್ನೇ ಅಪರಾಧಿಗಳು ಅಂತ ಬರೆದುಕೊಂಡಿತು, ಠಾಣೆಗೆ ಬಂದು ಹಾಜರಿ ಹಾಕಿಸಿತು. 1952ರಲ್ಲಿ ಅದು ರದ್ದಾಯಿತು. ಎಂಬತ್ತು ವರ್ಷ ಹೆಸರು ಬರೆದುಕೊಂಡರೂ ಕಳ್ಳತನ ನಿಲ್ಲಲಿಲ್ಲ. ಆ ಜನರ ಮೇಲಿನ ಅನುಮಾನ ಮಾತ್ರ ಇವತ್ತಿಗೂ ಹೋಗಿಲ್ಲ.

ಹಾಗಾದರೆ ಅಪರಾಧ ತಡೆಯುವುದು ಯಾವುದು? ನಮ್ಮ ಠಾಣೆಗಳನ್ನು ಹತ್ತಿರದಿಂದ ನೋಡಿದವನಾಗಿ ಹೇಳುತ್ತೇನೆ. ಗಣಪತಿ ಮೆರವಣಿಗೆಗೆ ಬಂದೋಬಸ್ತ್ ನಿಲ್ಲುವ ಪೇದೆಯೇ ನಮ್ಮ ಅಡಿಕೆ ಕಳುವನ್ನೂ ಹುಡುಕಬೇಕು. ಸಚಿವರು ಬಂದರೆ ಅವನೇ, ಕೋರ್ಟಿಗೆ ಸಮನ್ಸ್ ತರುವುದೂ ಅವನೇ. ತನಿಖೆಗೆ ಬೇರೆ, ಬಂದೋಬಸ್ತಿಗೆ ಬೇರೆ ಜನ ಇಡಿ ಅಂತ ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಹೇಳಿದೆ. ಪೊಲೀಸರ ಮೇಲೆ ದೂರು ಕೊಡಲು ಜಿಲ್ಲಾ ಮಟ್ಟದಲ್ಲೂ ಒಂದು ಪ್ರಾಧಿಕಾರ ಇರಬೇಕು ಅಂದಿದೆ. ರಾತ್ರಿ ಹತ್ತರ ತನಕ ಠಾಣೆಯಲ್ಲಿ ಕೂತಿದ್ದ ಆ ಆರು ಹುಡುಗರಿಗೆ ಅಂಥದ್ದೊಂದು ಇದೆ ಅಂತ ಹೇಳುವವರೂ ಇರಲಿಲ್ಲ. ಇದು ಯಾವ ಪಕ್ಷದ ಸರ್ಕಾರ ಬಂದರೂ ವಿರೋಧ ಪಕ್ಷದವರು ಬಜೆಟ್ ಅಧಿವೇಶನದಲ್ಲಿ ಗೃಹ ಇಲಾಖೆಯ ಬೇಡಿಕೆ ಚರ್ಚೆಗೆ ಬಂದಾಗ ಹಿಡಿದು ನಿಲ್ಲಬೇಕಾದ ವಿಷಯ.

ಇನ್ನೊಂದು, ಇದು ನಮ್ಮಂಥ ಬೆಳೆಗಾರರಿಗೆ ನೇರವಾಗಿ ತಾಗುವಂಥದ್ದು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅಂತ ಇತ್ತು. ಬೇರೆ ರಾಜ್ಯದ ಐದು ಜನ ಇದ್ದರೂ ಅನ್ವಯ ಆಗುತ್ತಿತ್ತು. ಕರೆತರುವವನಿಗೆ ಲೈಸೆನ್ಸ್ ಬೇಕು, ಪ್ರತಿ ಕೂಲಿಗೆ ಫೋಟೋ ಇರುವ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೂಲಿ ಎಷ್ಟು ಅಂತ ಬರೆಯಬೇಕು. ನಿಮ್ಮಲ್ಲಿ ಯಾರಾದರೂ ಅಂಥ ಪಾಸ್‌ಬುಕ್ ನೋಡಿದ್ದೀರಾ? ನಾನು ನೋಡಿಲ್ಲ. ಅದರ ಜಾಗಕ್ಕೆ ತಂದ 2020ರ ಕಾರ್ಮಿಕ ಸಂಹಿತೆಯಲ್ಲಿ ಆ ಐದು ಹತ್ತಾಯಿತು. ನಮ್ಮ ಮಲೆನಾಡಿನ ಸಣ್ಣ ತೋಟಗಳಲ್ಲಿ ಇರುವುದೇ ಆರು ಜನ, ಎಂಟು ಜನ. ಅಂದರೆ ತೋಟದ ಲೆಕ್ಕದಲ್ಲಿ ಅವರು ಹೊರಗೇ ಉಳಿಯುತ್ತಾರೆ. ಆ ಪಾಸ್‌ಬುಕ್ ಇದ್ದಿದ್ದರೆ ಬಂದವರು ಯಾರು, ಕರೆತಂದವರು ಯಾರು ಅಂತ ಮೊದಲೇ ಗೊತ್ತಿರುತ್ತಿತ್ತು. ಹುಡುಗರಿಗೂ ಒಳ್ಳೆಯದು, ಪೊಲೀಸರಿಗೂ ಒಳ್ಳೆಯದು, ತೋಟದವರಿಗೂ ಒಳ್ಳೆಯದು. ಅಪರಾಧ ತಡೆ ಮತ್ತು ವಲಸೆ ನಿಜವಾಗಿ ಒಂದಕ್ಕೊಂದು ತಾಗುವ ಜಾಗ ಇದು. ಇಲ್ಲಿ ಮಾತ್ರ ಯಾರೂ ದನಿ ಏರಿಸುವುದಿಲ್ಲ.

ಪ್ರಶ್ನೆ ಕೇಳಿ ಏನು ಸಿಗುತ್ತದೆ ಅಂತ ನಿಮ್ಮಲ್ಲಿ ಒಬ್ಬರು ಆಗಲೇ ಕೇಳಿದಿರಿ. 2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಆ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ, ಊರಿಗೆ ಹೋಗುವಾಗ ಸತ್ತ ವಲಸೆ ಕಾರ್ಮಿಕರು ಎಷ್ಟು ಅಂತ ಪ್ರಶ್ನೆ ಬಂತು. ಅಂಥ ಮಾಹಿತಿ ಇಟ್ಟಿಲ್ಲ ಅಂತ ಕಾರ್ಮಿಕ ಸಚಿವಾಲಯ ಲಿಖಿತ ಉತ್ತರ ಕೊಟ್ಟಿತು. ಆ ಒಂದು ಸಾಲು ದೇಶವನ್ನೇ ಅಲ್ಲಾಡಿಸಿತು. ನಮ್ಮ ವಿಧಾನಸಭೆಯಲ್ಲಿ ಕಾನೂನು ಸುವ್ಯವಸ್ಥೆ ಅಂತ ನಿಯಮ 60ರಲ್ಲಿ, ಬೇರೆ ಕಲಾಪ ನಿಲ್ಲಿಸಿ ಇದನ್ನು ಚರ್ಚಿಸಿ ಅನ್ನುವ ನಿಲುವಳಿ ಸೂಚನೆ ಕೊಟ್ಟರೆ ಸಭಾಧ್ಯಕ್ಷರು ಸಾಮಾನ್ಯವಾಗಿ ಅದನ್ನು ನಿಯಮ 69ಕ್ಕೆ ಬದಲಿಸಿ ಚರ್ಚೆ ಮಾಡಿಸುತ್ತಾರೆ. ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗೆ ಇಳಿದು ಧರಣಿ ಕೂತರೆ ಅದೂ ಹೋಗುತ್ತದೆ. ಲಿಖಿತ ಉತ್ತರ ಮಾತ್ರ ಉಳಿಯುತ್ತದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಕೆಳಗೆ ಸಚಿವರ ಸಹಿ. ಮುಂದಿನ ವರ್ಷ ಅದನ್ನೇ ಹಿಡಿದು ಮತ್ತೆ ಕೇಳಬಹುದು.

ನಾನು ಬರುವಾಗ ಒಂದು ಹಾಳೆ ಬರೆದುಕೊಂಡು ಬಂದಿದ್ದೇನೆ. ಓದುತ್ತೇನೆ: ಕಳೆದ ಮೂರು ವರ್ಷಗಳಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ದಾಖಲಾದ ಅಡಿಕೆ ಕಳವು ಪ್ರಕರಣಗಳು ಎಷ್ಟು, ಪತ್ತೆಯಾದವು ಎಷ್ಟು, ಕದ್ದ ಅಡಿಕೆ ಕೊಂಡವರ ಮೇಲೆ ದಾಖಲಾದ ಪ್ರಕರಣಗಳು ಎಷ್ಟು, ಠಾಣೆವಾರು ಮಂಜೂರಾದ ಹುದ್ದೆಗಳು ಮತ್ತು ಖಾಲಿ ಇರುವ ಹುದ್ದೆಗಳು ಎಷ್ಟು, ಕಾರ್ಮಿಕರನ್ನು ಹೊರರಾಜ್ಯದಿಂದ ಕರೆತರಲು ಲೈಸೆನ್ಸ್ ಪಡೆದ ಗುತ್ತಿಗೆದಾರರು ಎಷ್ಟು, ವಿಚಾರಣೆಗೆಂದು ಠಾಣೆಗೆ ಕರೆದೊಯ್ದು ಪ್ರಕರಣ ದಾಖಲಿಸದೆ ಬಿಟ್ಟ ಹೊರರಾಜ್ಯದ ಕಾರ್ಮಿಕರು ಎಷ್ಟು. ತಾಲ್ಲೂಕುವಾರು ವಿವರ ನೀಡುವುದು.

ಹಾಳೆಯನ್ನು ಈ ಮೇಜಿನ ಮೇಲೆ ಇಡುತ್ತೇನೆ. ಫೋಟೋ ತೆಗೆದುಕೊಳ್ಳಿ, ನಿಮ್ಮ ಊರಿಗೆ ಬೇಕಾದ ಹಾಗೆ ತಿದ್ದಿಕೊಳ್ಳಿ. ಮುಂದಿನ ಅಧಿವೇಶನಕ್ಕೆ ಪ್ರಶ್ನೆ ಕಳುಹಿಸುವ ದಿನಾಂಕ ನೋಡಿಕೊಂಡು, ವಿರೋಧ ಪಕ್ಷದಲ್ಲಿರುವ ಯಾವ ಶಾಸಕರಾದರೂ ಸರಿ, ಅವರ ಕೈಗೆ ಕೊಡಿ. ಕೊನೆಯ ಸಾಲನ್ನು ಮಾತ್ರ ಬಿಡಬೇಡಿ.